ದೊಡ್ಡಿಯ ಮೂಲೆಯ ನಿತ್ಯಪುಷ್ಪ

ಬಡವನೊಬ್ಬನ ಮೇಲೆ ಕಳಂಕ ಬಿದ್ದಾಗ, ಓದುಗರೇ, ಸಾಕ್ಷಿ ನುಡಿದವನ ಮುಖವನ್ನು ನೀವು ಎಂದಾದರೂ ಎರಡನೆಯ ಸಲ ನೋಡಿದ್ದೀರಾ? ಆದಿವಾಲ ಎಂಬ ಹಳ್ಳಿಯಲ್ಲಿ ಯಾರೂ ನೋಡಲಿಲ್ಲ.

ಎಪ್ಪತ್ತೇಳನೆಯ ಇಸವಿ. ಚಳಿಗಾಲದ ಒಂದು ಮುಂಜಾನೆ ಚಂದ್ರಕ್ಕನ ಹೊಲದಲ್ಲಿ ನಿತ್ಯಪುಷ್ಪದ ಬರಿಯ ಕಡ್ಡಿಗಳು ನಿಂತಿದ್ದವು. ಎಲೆ ಒಂದೂ ಇಲ್ಲ! ಅರ್ಬುದ ರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಔಷಧಿ ತಯಾರಿಸುವ ಕಾರ್ಖಾನೆಯೊಂದು ಆ ಎಲೆಗಾಗಿಯೇ ಬೆಳೆಸಿದ್ದ ಹೊಸ ಬೆಳೆ ಅದು. ನೆಲದ ತುಂಬ ಕುರಿಗೊರಸಿನ ಗುರುತು. ಪಕ್ಕದ ತನ್ನ ಇನ್ನೊಂದು ಹೊಲದಲ್ಲಿ ಗೊಬ್ಬರಕ್ಕೆಂದು ಆಕೆಯೇ ಕುರಿಗಾಹಿ ಜುಂಜಣ್ಣನ ಮಂದೆಯನ್ನು ರಾತ್ರಿ ಕೂರಿಸಿಕೊಂಡಿದ್ದಳು. ಇನ್ನೇನು ಬೇಕು? ಮಂದೆಯನ್ನು ಹಿಡಿದು ದೊಡ್ಡಿಗೆ ಕೂಡಿದರು.

ಮೂರನೆಯ ದಿನ ಸಬ್ ಇನ್‌ಸ್ಪೆಕ್ಟರ್ ಚಿತ್ರಲಿಂಗಪ್ಪ ದೊಡ್ಡಿಗೆ ಬಂದರು. ಬಡವರ ತಪ್ಪೊಪ್ಪಿಗೆಗಳನ್ನು ಕೇಳಿ ಕೇಳಿ ದಣಿದ ಮನುಷ್ಯ.

"ನಿದ್ದೆ ಹೋಗಿದ್ದೆಯೇನಪ್ಪ?"

"ಹೂಂ ಸ್ವಾಮಿ," ಎಂದ ಜುಂಜಣ್ಣ. "ಎದ್ದಾಗ ಮುಳ್ಳಿನ ತಡಿಕೆ ತೆಗೆದಿತ್ತು. ಕುರಿ ಅಕ್ಕಾರ ಬೆಳೆಯಾಗೆ ಇದ್ವು."

"ತಿಂದದ್ದು ಕಂಡೆಯಾ?"

"ಇಲ್ರಿ. ಆದ್ರೂ ತಪ್ಪು ನಂದೇ. ಮಂದೆ ಕೂರಿಸ್ಕಂಡು ರಾಗಿ ಕೊಟ್ಟ ಮನೆ ಅದು. ಅವರೆದುರು ವಾದ ಮಾಡಿದ್ರೆ ಹಟ್ಟಿಯಾಗೆ ನನ್ನ ಮಾತಾಡ್ಸೋರು ಯಾರು? ಎರಡು ಟಗರು ಮಾತ್ರ ಬಿಡ್ರಿ ಸ್ವಾಮಿ. ಮಾರಿ ನಮ್ಮ ಹುಚ್ಚಕ್ಕನ್ನ ಬೆಂಗ್ಳೂರಿಗೆ ಕರ್ಕಂಡು ಹೋಗ್ಬೇಕು. ಎದೆಯಾಗೆ ಗಂಟು ಐತೆ."

ಅವನ ಹೆಂಡತಿ ಹುಚ್ಚಕ್ಕ ದೊಡ್ಡಿಯ ಗೋಡೆಗೆ ಒರಗಿ ಕುಳಿತಿದ್ದಳು. ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳು—ಬೆಳಗಿನಿಂದ ವಾಂತಿ.

"ನಿನ್ನ ಕುರಿಗೆ ಔಷಧಿ ಸೊಪ್ಪೇ ಬೇಕಾಯ್ತೇನೋ ಜುಂಜಾ?" ಚಂದ್ರಕ್ಕ ಸಿಡುಕಿದಳು. "ಯಾವ ಟಗರಿಗಪ್ಪ ನೆಗಡಿ ಬಂದಿತ್ತು?"

ಕಾರ್ಖಾನೆಗೆ ಎಲೆ ಕೊಂಡು ಕಳಿಸುವ ಹೊಳಲ್ಕೆರೆಯ ಮುರುಗೇಶಪ್ಪ ಬಿಳಿ ಜುಬ್ಬ ಸರಿಪಡಿಸಿಕೊಂಡು ಮುಂದೆ ಬಂದ.

"ಬೆಳಕು ಹರಿಯೋ ಹೊತ್ತಿಗೆ ಕಣ್ಣಾರೆ ಕಂಡೀನಿ ಸ್ವಾಮಿ. ಬಾಯಿ ತುಂಬ ಅದೇ ಸೊಪ್ಪು. ಮುಕ್ಕುತಾ ಇದ್ವು!"

"ಚೆನ್ನಾಗಿ ಕಂಡಿರಾ?"

"ತಾಯಾಣೆ!"

ಚಿತ್ರಲಿಂಗಪ್ಪ ನಿಟ್ಟುಸಿರಿಟ್ಟು ದೊಡ್ಡಿಯೊಳಗೆ ಇಣುಕಿದರು. ಮೇವು ಹಾಕುವ ಕನಿಕರ ಯಾರಿಗೂ ಇರಲಿಲ್ಲ. ಹಸಿದ ಕುರಿಗಳು ಗೂಟಗಳ ತೊಗಟೆ ಸುಲಿದಿದ್ದವು. ಒಣಗಿದ ತೆಂಗಿನ ಗರಿಯನ್ನೂ ಕಡಿದಿದ್ದವು. ಮೂಲೆಯಲ್ಲಿ ತಾನಾಗಿ ಹುಟ್ಟಿದ ಗಿಡವೊಂದು ಮಾತ್ರ ಗುಲಾಬಿ ಬಣ್ಣದ ಹೂ ಬಿಟ್ಟು ನಳನಳಿಸುತ್ತಿತ್ತು.

"ಮುರುಗೇಶಪ್ಪನೋರೇ, ಅದು ಯಾವ ಗಿಡ?"

"ಅದಾ? ನಿತ್ಯಪುಷ್ಪ—" ಅಷ್ಟರಲ್ಲೇ ಚಿತ್ರಲಿಂಗಪ್ಪ ಗಿಡದತ್ತ ಬೆರಳು ತೋರಿದರು.

"ಒಂದೆಲೆಗಾದರೂ ಹಲ್ಲು ತಾಗಿದೆಯೇ ನೋಡಿ. ಅಷ್ಟು ಕಹಿ! ಉಪವಾಸ ಬಿದ್ದರೂ ಮುಟ್ಟದ ಸೊಪ್ಪನ್ನು ಹೊಟ್ಟೆ ತುಂಬಿದ ಕುರಿಗಳು ಹೊಲದ ತುಂಬ ಮೇದವೇ? ನಾವೆಲ್ಲ ಗೊರಸಿನ ಗುರುತು ನೋಡಿದೆವು. ದೊಡ್ಡಿಯ ಈ ಗಿಡವನ್ನು ಯಾರೂ ನೋಡಲಿಲ್ಲ. ನಡೆಯದೇ ಇದ್ದದ್ದನ್ನು ಕಂಡೆ ಎಂದವರು ನೀವೊಬ್ಬರೇ. ಎಲೆ ಸವರಿಕೊಂಡು, ತಡಿಕೆ ತೆಗೆದು, ಮಂದೆಯನ್ನು ಒಳಗೆ ಬಿಟ್ಟವರೂ ನೀವೇ!"

ಊರಲ್ಲೇ ಇದ್ದ ಮುರುಗೇಶಪ್ಪನ ಉಗ್ರಾಣ ತೆಗೆಸಿದರು. ಚೀಲಗಳಲ್ಲಿ ಅರೆ ಒಣಗಿದ ಎಲೆ. ಪಕ್ಕದಲ್ಲಿ ಹಸಿರು ಪುಡಿಯ ಕಾಗದದ ಪೊಟ್ಟಣಗಳು. ಕಾರ್ಖಾನೆಯ ಬೆಲೆ ಅವನಿಗೆ ಸಾಲದು. ರೋಗಿಗಳ ಭಯಕ್ಕೆ ಬೆಲೆ ಹೆಚ್ಚು.

ದೊಡ್ಡಿಯ ಬಳಿ ತಂದ ಪೊಟ್ಟಣ ಕಂಡೊಡನೆ ಹುಚ್ಚಕ್ಕ ಸೆರಗಿನ ಗಂಟು ಬಿಚ್ಚಿದಳು. ಅಂಥದೇ ಪೊಟ್ಟಣ!

"ನಿನ್ನೆ ಈ ಅಣ್ಣಾರ ಆಳು ಹಟ್ಟಿಗೆ ತಂದಿದ್ದ. ಬೆಂಗ್ಳೂರು ಬ್ಯಾಡ, ಗಂಟು ಇದ್ರಾಗೇ ಕರಗ್ತೈತೆ ಅಂದ. ಕುರಿ ಹೇಗೂ ಹೋದ್ವಲ್ಲ ಅಂತ ಕುಡ್ದೆ..."

ಚಿತ್ರಲಿಂಗಪ್ಪನವರ ದಣಿದ ದನಿ ಮೊದಲ ಸಲ ಏರಿತು. "ಕಾರ್ಖಾನೆಯವರು ಮೂಟೆಗಟ್ಟಲೆ ಎಲೆಯಿಂದ ಚಿಟಿಕೆ ಸಾರ ತೆಗೆದು, ಶೋಧಿಸುತ್ತಾರೆ. ವೈದ್ಯರು ಅದನ್ನು ಅಳೆದು ಕೊಡುತ್ತಾರೆ. ಆಗ ಅದು ಔಷಧಿ. ಹಸಿ ಪುಡಿ ವಿಷ! ಕುರಿ ಬಿಟ್ಟದ್ದನ್ನು ಮನುಷ್ಯರಿಗೆ ಕುಡಿಸಿದಿರಲ್ಲ?"

ಚಂದ್ರಕ್ಕ ತಲೆ ತಗ್ಗಿಸಿದಳು. "ನಾನೂ ನಂಬಿಬಿಟ್ಟೆ ಕಣೋ ಜುಂಜಣ್ಣ. ಟಗರು ಮಾರೋದು ಆಮೇಲೆ; ಖರ್ಚಿಗೆ ನಾನು ಕೊಡ್ತೀನಿ, ಮಂದೆನೂ ಮೇಯಿಸ್ತೀನಿ. ಬಸ್ಸಿಗೆ ಹೊರಡು."

ಹುಚ್ಚಕ್ಕ ಬೆಂಗಳೂರಿನ ಬಸ್ಸು ಹತ್ತಿದಳು. ತಡವಾಯಿತೋ ಇಲ್ಲವೋ, ಅದನ್ನು ಹೇಳಬೇಕಾದವರು ಅಲ್ಲಿನ ವೈದ್ಯರು. ನಿಮ್ಮ ಮನೆಯಲ್ಲೂ ಗಂಟನ್ನು ಸೆರಗಿನಡಿ ಮುಚ್ಚಿಕೊಂಡ ತಾಯಿ ಇರಬಹುದು. ಈ ಪುಟ ಮಡಿಸಿಡಿ, ಹೋಗಿ ಕೇಳಿ, ಪುಡಿಯ ಪೊಟ್ಟಣ ಕಂಡರೆ ಕಸಿದೆಸೆದು, ಇಂದೇ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಿರಿ.