ಭಾನುವಾರ ಬೆಳೆದ ಕಾಡು

ಗಿಡ ಬದುಕಿಸುವುದು ತನ್ನ ಕೆಲಸವೇ ಅಲ್ಲ ಎಂಬುದು ಸಿದ್ದಲಿಂಗೇಶನ ಸಿಟ್ಟು. ಸಂಡೂರು ಕಡೆಯ ಯಶವಂತನಗರದ ಹತ್ತಿರದ ಕಬ್ಬಿಣದ ಅದಿರಿನ ಗಣಿಯೊಂದಕ್ಕೆ ಅವನು ಮ್ಯಾನೇಜರು. ಅಗೆಸುವುದು ಗೊತ್ತು, ಲಾರಿ ತುಂಬಿಸುವುದು ಗೊತ್ತು. ಆದರೆ ಎರಡು ವರ್ಷದ ಹಿಂದೆ, ಭೂಮಿ ಬಿಸಿಯಾಗುತ್ತಿದೆ ಎಂದು ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಗೊತ್ತಾಯಿತು. ಅದನ್ನು ತಣ್ಣಗೆ ಮಾಡಲು ಪ್ರತಿ ಗಣಿಯೂ ಎರಡು ಸಾವಿರ ಗಿಡ ಬೆಳೆಸಬೇಕೆಂದು ಸುತ್ತೋಲೆ ಬಂತು. ಹಿಂದೆಯೇ ಸಸಿ ಬಂದವು, ನೀರಿನ ಟ್ಯಾಂಕರೂ ಬಂತು. ಟ್ಯಾಂಕರಿನ ನೀರೆಲ್ಲ ಮಾಲೀಕರ ಬಿಳಿ ಕಾರು ತೊಳೆಯಲು ಹೋಯಿತು. ಸಸಿಗಳು ಹದಿನೈದು ದಿನದಲ್ಲಿ ಒಣಗಿದವು.

ವರದಿಯಲ್ಲಿ ಮಾತ್ರ ಸಿದ್ದಲಿಂಗೇಶ ಅವನ್ನು ಸಾಯಲು ಬಿಡಲಿಲ್ಲ. ಮೂರು ತಿಂಗಳಿಗೊಮ್ಮೆ ಅರ್ಧ ಅಡಿ ಬೆಳೆಸಿ ಸಹಿ ಹಾಕುತ್ತಿದ್ದ. ಒಮ್ಮೆ ಹುರುಪಿನಲ್ಲಿ ಹಕ್ಕಿಗಳು ಗೂಡು ಕಟ್ಟಿವೆ ಎಂದೂ ಬರೆದ. ಇಲಾಖೆಯವರು ಮೆಚ್ಚಿ ಪತ್ರ ಕಳಿಸಿದರು. ಈಗ ಆ ಗೂಡು ನೋಡಲು ಸೋಮವಾರ ಬೆಂಗಳೂರಿನಿಂದ ಅಧಿಕಾರಿ ಬರುವುದಾಗಿ ಇನ್ನೊಂದು ಪತ್ರ ಬಂದಿತ್ತು.

"ಸಹಿ ನಿಂದಲ್ಲೇನಪಾ?" ಎಂದರು ಮಾಲೀಕರು. "ಗಿಡ ಇಲ್ಲ ಅಂದ್ರ ಜೈಲಿಗೆ ಹೋಗಾವ ನೀನ. ಜಾಮೀನಿಗೂ ನಾ ಬರಂಗಿಲ್ಲ ನೋಡು."

ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಉಪಾಯ ಹೊಳೆಯಿತು, ಎರಡು ರೊಟ್ಟಿ ಹೆಚ್ಚಿಗೇ ತಿಂದ. ಸರ್ಕಾರ ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವವನು!

ಭಾನುವಾರ ಬೆಳಿಗ್ಗೆಯೇ ಖಾಲಿ ಲಾರಿಗಳು ಕಂಪ್ಲಿ ಕಡೆಯ ಕಾಲುವೆ ದಂಡೆಗೆ ಹೋಗಿ, ಅಲ್ಲಿಯ ಹೊಂಗೆ ಮರಗಳನ್ನು ಬೋಳಿಸಿಕೊಂಡು ಬಂದವು. ಗಿಡ ಬೆಳೆಸಲು ಮರ ಕಡಿಯಬೇಕಾಯಿತಲ್ಲ ಎಂದು ಅವನಿಗೆ ನಗು ಬಂತು. ಕೊಂಬೆಗಳು ಹಳೆಯ ಗುಂಡಿಗಳಲ್ಲಿ ಸಾಲಾಗಿ ನಿಂತವು. ಪ್ರತಿಯೊಂದೂ ನಾಲ್ಕು ಅಡಿ, ವರದಿಯ ಲೆಕ್ಕಕ್ಕೆ ಸರಿಯಾಗಿ. ಪ್ರತಿಯೊಂದಕ್ಕೂ ನಂಬರಿನ ತಗಡು. ಎಲ್ಲವೂ ಬದುಕಿವೆ ಎಂದರೆ ಯಾರೂ ನಂಬುವುದಿಲ್ಲವೆಂದು ನಲವತ್ತು ಗುಂಡಿಗಳಲ್ಲಿ ಬೇಕೆಂದೇ ಒಣಕೋಲು ನೆಡಿಸಿದ. ಚಿತ್ತವಾಡ್ಗಿಯ ಬೇವಿನ ಮರದಿಂದ ಮೂರು ಹಕ್ಕಿಗೂಡು ಇಳಿಸಿ ತರಿಸಿ ಕೊಂಬೆಗಳಿಗೆ ಕಟ್ಟಿಸಿದ. ಕೊಂಬೆ ಅಲುಗಬಾರದೆಂದು ಗುಂಡಿಗಳ ಪಕ್ಕದ ದಾರಿಯಲ್ಲಿ ಓಡಾಡುವ ಲಾರಿಗಳನ್ನೆಲ್ಲ ನಿಲ್ಲಿಸಿದ. ಸೋಮವಾರ ಬೆಳಿಗ್ಗೆ, ಎರಡು ವರ್ಷದಲ್ಲಿ ಮೊದಲ ಸಲ, ಟ್ಯಾಂಕರು ಗಿಡಗಳ ಕಡೆ ಬಂತು. ಬಾಡಿದಂತೆ ಕಾಣಬಾರದೆಂದು ಒಂದೊಂದು ಎಲೆಯನ್ನೂ ತೊಳೆಸಿದ.

ಕೂಲಿಗಳ ಮೇಸ್ತ್ರಿ ಪಾಲಪ್ಪ ತಲೆ ಕೆರೆದುಕೊಂಡ. "ಚಂದ ಕಾಣ್ತಾವ್ರಿ ಸಾಹೇಬ್ರ. ಭಾಳ ಚಂದ ಕಾಣ್ತಾವ. ಅದಕ್ಕ ಯಾಕೋ ಅಂಜಿಕಿ ಆಗತೈತ್ರಿ."

"ನಿನಗ್ಯಾಕಲೇ ಅಂಜಿಕಿ? ಸಹಿ ನಂದು."

ಅಧಿಕಾರಿ ಹೇಮಾವತಿ ಹತ್ತು ಗಂಟೆಗೆ ಬಂದರು. ಟೇಪು ಹಿಡಿದು ಅಳೆದರು: ನಾಲ್ಕು ಅಡಿ. ತಗಡಿನ ನಂಬರು ಓದಿದರು. ಒಣಕೋಲುಗಳನ್ನು ಕಂಡು, "ಸತ್ತಿದ್ದನ್ನೂ ಮುಚ್ಚಿಟ್ಟಿಲ್ಲ, ಒಳ್ಳೇದು" ಎಂದರು. ಗೂಡಿನ ಫೋಟೋ ತೆಗೆದರು. ಯಾವ ಕೊಂಬೆಯನ್ನೂ ಎಳೆದು ನೋಡಲಿಲ್ಲ. ವರದಿಗೆ ಸಹಿ ಹಾಕಲು ಪೆನ್ನು ತೆಗೆದಾಗ ಸಿದ್ದಲಿಂಗೇಶನಿಗೆ ಹೋದ ಜೀವ ಬಂದಂತಾಯಿತು.

ಬಿಸಿಲಿಗೆ ಬೆವರು ಇಳಿಯುತ್ತಿತ್ತು. ಹೇಮಾವತಿ ಬಿಳಿ ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಅದು ಇಟ್ಟಿಗೆಯ ಪುಡಿಯಲ್ಲಿ ಅದ್ದಿದಂತೆ ಕೆಂಪಾಯಿತು. ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ನು ಮುಚ್ಚಿ, "ಎರಡು ವರ್ಷ ಇಲ್ಲೇ ಇದಾವಾ ಇವು?" ಎಂದರು. "ಹೌದ್ರಿ ಮೇಡಂ, ಒಂದಿನಾನೂ ಅಲುಗಿಲ್ರಿ" ಎಂದ ಸಿದ್ದಲಿಂಗೇಶ. ಅವರ ಕಣ್ಣು ಸುತ್ತ ತಿರುಗಿದಂತೆ ಅವನ ಕಣ್ಣೂ ತಿರುಗಿತು. ಗುಡ್ಡ ಕೆಂಪು. ಗೇಟಿನ ಪಕ್ಕದ ಬೇವಿನ ಮರ ಕೆಂಪು. ಪಾಲಪ್ಪನ ಬಿಳಿ ಪಂಚೆ ಕೆಂಪು, ನೆರಳಲ್ಲಿ ಮಲಗಿದ್ದ ಬಿಳಿ ನಾಯಿಯೂ ಕೆಂಪು. ಹನ್ನೆರಡು ವರ್ಷ ಸಂಡೂರಿನ ಅದಿರಿನ ಕೆಂಪು ಧೂಳಿನಲ್ಲೇ ಇದ್ದು ಅವನು ಅದನ್ನು ನೋಡುವುದನ್ನೇ ಬಿಟ್ಟಿದ್ದ. ಹೇಮಾವತಿ ಕರವಸ್ತ್ರದಲ್ಲಿ ಉಳಿದಿದ್ದ ಒಂದು ಬಿಳಿ ಮೂಲೆ ಹುಡುಕಿ, ಅದರಿಂದ ಹತ್ತಿರದ ಗಿಡದ ಎಲೆಯೊಂದನ್ನು ಒತ್ತಿ ಒರೆಸಿ, ಅವನ ಮುಂದೆ ಹಿಡಿದರು. ಮೂಲೆ ಬೆಳ್ಳಗೇ ಇತ್ತು.