ಚುಕ್ಕಿ ಕೆರೆದ ಎಲೆಗಳು

"ಸಂಜಿಯೊಳಗ ಆ ಫೈಲ್ ಸಿಗದಿದ್ರ ನನ್ನ ನೌಕರಿ ಹೋಗ್ತದ್ರಿ, ಅಕ್ಕೋರ," ಎಂದು ಯೂಸುಫ ಬಾಗಿಲಲ್ಲೇ ನಿಂತ. ಅವನು ಗಜೇಂದ್ರಗಡದ ಕಾಲೇಜೊಂದರ ಪ್ರಯೋಗಾಲಯದ ಜವಾನ. ಅಲ್ಲಿಯ ಸಸ್ಯಶಾಸ್ತ್ರದ ಗುರುಸಂಗಪ್ಪ ಮಾಸ್ತರರು ನಡು ಅಂಗಳದಲ್ಲಿ, ಹುಡುಗರೆಲ್ಲರ ಎದುರು, ಅವನನ್ನು ಕಳ್ಳನೆಂದಿದ್ದರು. ಫೈಲು ಇಟ್ಟಿದ್ದ ಕಪಾಟಿನ ಕೀಲಿ ಅವನ ಬಳಿ ಇತ್ತಂತೆ, ಅದೊಂದೇ ಸಾಕ್ಷಿ. ನನ್ನ ಮೈಯೆಲ್ಲ ಉರಿದುಹೋಯಿತು.

ಇದು ೨೦೦೬ರ ಮಾತು. ನಿವೃತ್ತ ವಿಜ್ಞಾನ ಶಿಕ್ಷಕಿ ಮಾಬೂಬಿ ಅಕ್ಕೋರ ಮನೆಗೆ, ಊರಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ಬರುತ್ತಿದ್ದರು. ಅವರ ಶಾಲೆಯಲ್ಲಿ ಇಪ್ಪತ್ತು ವರ್ಷ ಗಂಟೆ ಬಾರಿಸಿದ ನೀಲವ್ವ ನಾನು. ಅವರ ಬೆನ್ನು ಬಿಟ್ಟವಳಲ್ಲ.

ಕಳೆದದ್ದು ನೇಕಾರರ ಮನೆಯ ಅನ್ನಪೂರ್ಣಳ ಫೈಲು. ಬಾವಿಗೋಡೆ, ಗುಡ್ಡದ ಝರಿ ಅಲೆದು ಕಿತ್ತ ಒಂಬತ್ತು ಬಗೆಯ ಜರಿಗಿಡದ ಎಲೆಗಳನ್ನು, ಮಗ್ಗದಲ್ಲಿ ಉಳಿದ ಬಿಳಿ ಬಟ್ಟೆಯ ಮೇಲೆ ಒತ್ತಿಟ್ಟು ಒಣಗಿಸಿ, ಬೆನ್ನು ಕಾಣುವಂತೆ ಹಾಳೆಗೆ ಅಂಟಿಸಿ ಹಿಂದಿನ ದಿನ ಒಪ್ಪಿಸಿದ್ದಳು. ಸಹಪಾಠಿ ಶರತನೂ ಅಂದು ಬೆಳಿಗ್ಗೆ ಒಂಬತ್ತು ಎಲೆಗಳ ಫೈಲು ಒಪ್ಪಿಸಿದ್ದ. ಅಕ್ಕೋರೂ ನಾನೂ ಕಾಲೇಜಿಗೆ ಹೋದಾಗ ಪ್ರಯೋಗಾಲಯದ ಗೋಡೆಯ ಮೇಲೆ, 'ಹುಳ ಹತ್ತಿದ ಹಾಳೆಗೆ ಅಂಕವಿಲ್ಲ' ಎಂಬ ಮಾಸ್ತರರ ಫರ್ಮಾನು ತೂಗುತ್ತಿತ್ತು.

"ಅನ್ನಪೂರ್ಣಾನ ಎಲಿ ಬೆನ್ನಿಗೆ ಕಂದು ಚುಕ್ಕಿ ಇದ್ದವ್ರಿ," ಎಂದರು ಮಾಸ್ತರರು. "ಶರತನವು ಸ್ವಚ್ಛ ಅದಾವ. ಇವು ಬ್ಯಾರೇನ."

ಅಕ್ಕೋರು ಶರತನ ಫೈಲನ್ನು ಸಾಲು ಬಿಡದೆ ಓದಿದರು. ಅನ್ನಪೂರ್ಣಳ ಮನೆಯಿಂದ ಆ ಬಟ್ಟೆಯ ತುಂಡುಗಳನ್ನು ತರಿಸಿ, ಎಲ್ಲರನ್ನೂ ಪ್ರಯೋಗಾಲಯದಲ್ಲಿ ಕೂಡಿಸಿದರು.

"ಜರಿಗಿಡಕ್ಕ ಹೂವಿಲ್ಲ, ಬೀಜಿಲ್ಲ. ಬೆನ್ನಿನ ಚುಕ್ಕಿಯಿಂದ ಪುಡಿ ಉದರತದ. ಹಸಿ ಕಲ್ಲಿನ ಮ್ಯಾಲ ಅದು ಮೊದಲ ಉಗುರಿನಷ್ಟು ಹಸರು ಬಿಲ್ಲಿ ಆಗಿ, ಆಮ್ಯಾಲ ಅದರಿಂದ ಗಿಡ ಹುಟ್ಟತದ. ಚುಕ್ಕಿ ಅಂಚಿಗೆ ಅದಾವೋ, ನಡುವ ಸಾಲಾಗಿ ಅದಾವೋ ನೋಡೇ ಜಾತಿ ವಿಂಗಡಸೋದು. ಶರತ, 'ಚುಕ್ಕಿಗಳು ಅಂಚಿಗಿವೆ' ಅಂತ ಬರದೀಯಲ್ಲ, ಎಲ್ಲಿ ಅದಾವ ತೋರಸು."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡಂತೆ, ಶರತ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ.

ಅಕ್ಕೋರು ಬಟ್ಟೆ ಹರಡಿದರು. ಉದುರಿದ ಪುಡಿ ಎಲೆಯ ಅಚ್ಚನ್ನೇ ಮೂಡಿಸಿತ್ತು; ಎಡಕ್ಕೆ ಮೂರನೆಯ ಕವಲು ಇರಲಿಲ್ಲ. ಶರತನ ಒಂದು ಎಲೆಯನ್ನು ಬಿಡಿಸಿ ಅದರ ಮೇಲೆ ಬೋರಲಿಟ್ಟರು. ಮುರಿದ ಕವಲೂ ಸೇರಿ ಎಲ್ಲ ಕೂಡಿಬಂತು.

"ಹುಳದ ತತ್ತಿ ಅಂತ ತಿಳದು ಬ್ಲೇಡಿನಿಂದ ಕೆರದೆನ್ರಿ," ಎಂದು ಶರತ ಅತ್ತ. "ನಿನ್ನೆ ಸರ್ ಕಪಾಟ ತೆರದಿಟ್ಟು ಊಟಕ್ಕ ಹೋಗಿದ್ರು, ಆಗ ತಗೊಂಡೆ."

ಮಾಸ್ತರರ ದನಿ ತಗ್ಗಿತು. "ತಪ್ಪಾತಪಾ ಯೂಸುಫ. ಹೋಗ್ಲಿ ಬಿಡು."

ಯೂಸುಫ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟ. "ಕಳ್ಳ ಅಂತ ಅಂಗಳದಾಗ ಒದರಿದ್ರಿ. ತಪ್ಪಾತು ಅಂತ ಖೋಲಿಯೊಳಗ ಅಂತೀರೇನ್ರಿ?"

ನಾನೇ ಎದ್ದು ಹೊರಗೆ ಹೋಗಿ, ಸಿಟ್ಟು ತೀರುವಷ್ಟು ಜೋರಾಗಿ ಕಾಲೇಜಿನ ಗಂಟೆ ಬಾರಿಸಿದೆ. ಹುಡುಗರೆಲ್ಲ ಅಂಗಳದಲ್ಲಿ ಬಂದು ನಿಂತರು. ಮಾಸ್ತರರು ಹೊರಗೆ ಬರಲೇಬೇಕಾಯಿತು.