ಮುಳ್ಳುಕುದ್ರು ಸೇತುವೆಯ ಹಿಮ್ಮುಖ ಎಣಿಕೆ

ಮುಳ್ಳುಕುದ್ರುವಿನ ತೂಗುಸೇತುವೆಗೆ ಜೋಡಿಸಿದ್ದ, ಅದರ ಓಲಾಟ ಅಳೆಯುವ ಆಂದೋಲನ ಗಣಕ ಆ ಬೆಳಿಗ್ಗೆಯೂ ಎಣಿಸುತ್ತಿತ್ತು. ಸೇತುವೆಗೆ ಅರವತ್ತು ಗಂಟುಗಳು. ಒಂದು ಗಂಟಿನ ಓಲಾಟ ತಿಳಿದರೆ ಮುಂದಿನದರ ಓಲಾಟವನ್ನು ಗಣಿತದ ನಿಯಮವೇ ಹೇಳುತ್ತದೆ. ಹೀಗೆ ಗಂಟಿನಿಂದ ಗಂಟಿಗೆ ಸಾಗುವಾಗ ಲೆಕ್ಕ ಎಷ್ಟು ಬಾರಿ ಸೊನ್ನೆಯನ್ನು ದಾಟಿತೆಂದು ಗಣಕ ನೋಡುತ್ತಿತ್ತು. ಒಮ್ಮೆಯೂ ದಾಟದಿದ್ದರೆ ಸೇತುವೆ ಭದ್ರ. ದಾಟಿದರೆ ಸೈರನ್.

ಎಂಟೂ ಹತ್ತಕ್ಕೆ ಸೈರನ್ ಕೂಗಿತು. ನಾಲ್ಕು ನಿಮಿಷದಲ್ಲಿ ಹಗ್ಗ ತುಂಡಾಯಿತು. ಮೀನಿನ ಕಾರ್ಖಾನೆಗೆ ಹೊರಟಿದ್ದ ಹದಿನೆಂಟು ಮಂದಿ, ಜೊತೆಗೆ ಸೇತುವೆಯ ಕಾವಲುಗಾರ ಐತಪ್ಪ ಸತ್ತರು. ಹಗ್ಗ ತುಂಡಾಗುವ ಮುನ್ನ ಸೈರನ್ ನಿಲ್ಲಿಸಿದವನು ಐತಪ್ಪನೇ ಎಂದು ತನಿಖೆ ಹೇಳಿತು. ಊರು ಅವನ ಮನೆಗೆ ಕಲ್ಲೆಸೆಯಿತು.

ಅವನ ಹೆಂಡತಿ ಜಲಜಾಕ್ಷಿ, ಗಣಕವನ್ನು ರೂಪಿಸಿದ ಡಾ. ವಾರಿಜಾ ಹೆಬ್ಬಾರರನ್ನು ಹುಡುಕಿಕೊಂಡು ಬಂದಳು.

"ಅವರು ಯಾಕೆ ಆಫ್ ಮಾಡಿದ್ರು ಅಂತ ನಿಮ್ಮ ಮಿಷನ್‌ಗೆ ಗೊತ್ತುಂಟಾ ಮೇಡಂ?"

"ಅದು ಮುಂದಾಗುವುದನ್ನು ಮಾತ್ರ ಹೇಳ್ತದೆ, ಜಲಜಾಕ್ಷಿಯವರೇ."

"ಹಿಂದಿನದ್ದು ಹೇಳ್ಲಿಕ್ಕೆ ಆಗುದಿಲ್ವಾ?"

ವಾರಿಜಾ ಗಣಕದ ದಾಖಲೆ ತೆರೆದರು. ಗಂಟಿನಿಂದ ಗಂಟಿಗೆ ಸಾಗುವ ಆ ನಿಯಮ ಯಾವ ಹಂತದಲ್ಲೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಬಹುದು. ಅದು ಯಾರಿಗೂ ಹೊಳೆದಿರಲಿಲ್ಲ.

ಮೂರು ದಿನ ಅವರು ಲೆಕ್ಕವನ್ನು ಹಿಮ್ಮುಖವಾಗಿ ನಡೆಸಿದರು. ಓಲಾಟ ಹುಟ್ಟಿಸಿದ ಜನರ ಹೆಜ್ಜೆಗಳು ಒಂದೊಂದಾಗಿ ಕಾಣಿಸಿಕೊಂಡವು. ಸೈರನ್ ಕೂಗುವ ಮುನ್ನ ಹಗ್ಗ ಸವೆದಿದ್ದರೂ ಇನ್ನೂ ತಿಂಗಳುಗಟ್ಟಲೆ ತಾಳುವಂತಿತ್ತು. ಕೂಗಿದೊಡನೆ ಎಲ್ಲರೂ ಒಂದೇ ಸಮನೆ ಓಡಿದರು, ಓಲಾಟ ಇಮ್ಮಡಿಯಾಯಿತು. ಆಮೇಲೆ ಸೈರನ್ ನಿಂತಿತು. ಕಾವಲುಮನೆಯಿಂದ ಒಂದು ಜೊತೆ ಕಾಲುಗಳು ನಿಧಾನವಾಗಿ ಸೇತುವೆಯ ನಡುವಿಗೆ ನಡೆದವು. ಅವು ತಲುಪಿದಲ್ಲೆಲ್ಲ ಉಳಿದವರ ಹೆಜ್ಜೆಯೂ ನಿಧಾನವಾಯಿತು. ಸೊನ್ನೆ ದಾಟಿದ ಎಣಿಕೆ ಮತ್ತೆ ಇಲ್ಲವಾಯಿತು, ಸೇತುವೆ ಭದ್ರವಾಯಿತು.

ಆಗ ಆಚೆ ದಡದಲ್ಲಿದ್ದ ಎರಡನೇ ಸೈರನ್ ಕೂಗಿತು. ಜನ ಮತ್ತೆ ಓಡಿದರು, ಹಗ್ಗ ತುಂಡಾಯಿತು.

ವಾರಿಜಾ ಎಲ್ಲವನ್ನೂ ಜಲಜಾಕ್ಷಿಗೆ ಹೇಳಿದರು. "ಒಂದನ್ನು ನಿಲ್ಲಿಸಿದರೆ ಇನ್ನೊಂದು ತಾನಾಗಿ ಕೂಗುವ ಹಾಗೆ ಮಾಡಿದ್ದು ನಾನೇ."

ಜಲಜಾಕ್ಷಿ ಕೇಳಿದ್ದು ಗಂಡನ ಬಗ್ಗೆ ಮಾತ್ರ.

"ಇವರು ಓಡ್ಲಿಲ್ವಾ?"

"ಇಲ್ಲ. ಕೊನೆಯವರೆಗೂ ನಡೆದೇ ಇದ್ರು."

"ಇದನ್ನು ಬರೆದು ಕೊಡಿ."

ವಾರಿಜಾ ಬರೆದು ಸಹಿ ಹಾಕಿದರು. ಜಲಜಾಕ್ಷಿ ಒಂದೊಂದೇ ಅಕ್ಷರ ಓದಿ ಕಾಗದವನ್ನು ಮಡಚಿಕೊಂಡಳು. ಬಾಗಿಲಲ್ಲಿ ತಿರುಗಿ ನಿಂತಳು.

"ಬೇರೆ ಸೇತುವೆಗಳಲ್ಲಿ ಈಗ್ಲೂ ಹಾಗೇ ಕೂಗ್ತದಾ?"

ಅದೇ ಗಣಕವಿದ್ದ ಸೇತುವೆಗಳು ಇನ್ನೂ ನೂರ ನಲವತ್ತು. ಜನ ಕೆಲಸಕ್ಕೆ ಹೊರಡುವ ಹೊತ್ತು. ಎರಡೂ ಸೈರನ್ ನಿಲ್ಲಿಸಲು ಹೇಳಲೆಂದು ವಾರಿಜಾ ಫೋನಿಗೆ ಕೈ ಹಾಕಿದರು. ಮೊದಲ ಸೇತುವೆಯ ಕಾವಲುಮನೆಯಲ್ಲಿ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.